ಹೊಲದಲ್ಲಿ ನಿಂತ ಹಡಗು, ಹುಡುಕಿದರೂ ಸಿಗದ ಬಿಡಿಭಾಗ



ಕಥೆ, ಕವನ, ಪುಸ್ತಕ ಪರಿಚಯಗಳ ನಡುವೆ ಯುದ್ಧನೌಕೆಯ ಬಿಡಿಭಾಗಗಳಿಗೆ ಏನು ಕೆಲಸ ಎಂದು ನೀವು ಕೇಳಬಹುದು. ನಾವೂ ಮೊದಲು ಹಾಗೇ ಅಂದುಕೊಂಡಿದ್ದೆವು. ಕಳೆದ ಬೇಸಿಗೆಯಲ್ಲಿ ನಮ್ಮ ಬಳಗದ ಗೆಳತಿಯೊಬ್ಬರ ಮಾವನವರು ಬೆಂಗಳೂರಿನಿಂದ ಎಡಿಸನ್ನಿಗೆ ಬಂದಿದ್ದರು. ಎಂಬತ್ತು ದಾಟಿದ ಹಿರಿಯರು; ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯಲ್ಲಿ ಮೂವತ್ತೈದು ವರ್ಷಕ್ಕೂ ಹೆಚ್ಚು ದುಡಿದು ನಿವೃತ್ತರಾದವರು. ಒಂದು ಶನಿವಾರ ನಾವೆಲ್ಲ ಎರಡು ಕಾರುಗಳಲ್ಲಿ ಅವರನ್ನು ಕರೆದುಕೊಂಡು ಫಿಲಡೆಲ್ಫಿಯಾ ಕಡೆಗೆ ಹೊರಟೆವು. ಮೂರ್‌ಸ್ಟೌನ್ ಹತ್ತಿರ ಬಂದಾಗ ಅವರು ಕಿಟಕಿಯ ಗಾಜಿಗೆ ಮುಖ ತಾಗಿಸಿ, "ಇದೇನ್ರಪ್ಪಾ, ಹೊಲದ ಮಧ್ಯ ಹಡಗು ನಿಲ್ಸಿದ್ದಾರೆ!" ಎಂದು ಕೂಗಿದರು.

ನಿಜ. ಸಮುದ್ರ ಅಲ್ಲಿಂದ ಬಹಳ ದೂರ. ಆದರೂ ಮರಗಳ ಮೇಲೆ ತಲೆ ಎತ್ತಿದಂತೆ ಒಂದು ಯುದ್ಧನೌಕೆಯ ಮೇಲ್ಭಾಗ, ಅದರ ಗೋಡೆಯ ಮೇಲೆ ಎಂಟು ಮೂಲೆಯ ದೊಡ್ಡ ಫಲಕ, ಮೇಲೆ ಕಂಬ. ನಾವು ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದೇವೆ, ಅದೇನೆಂದು ಒಬ್ಬರೂ ವಿಚಾರಿಸಿರಲಿಲ್ಲ. ಮಗ ಏನೋ ಹೇಳಿ ಸುಮ್ಮನಾಗಿಸಲು ನೋಡಿದರೆ ಮಾವನವರು ಇನ್ನೊಂದು ಪ್ರಶ್ನೆ ಹಾಕಿದರು: "ಇಷ್ಟು ದೊಡ್ಡ ರೇಡಾರ್ ಅಂದ್ರೆ ಒಳಗೆ ಲಕ್ಷಾಂತರ ಸಾಮಾನು ಇರತ್ತೆ. ಅದರ ಬಿಡಿಭಾಗ ಮಾಡೋರು ಇನ್ನೂ ಇದ್ದಾರೇನಪ್ಪಾ?"

ಕಾರಿನಲ್ಲಿದ್ದ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದಮೇಲೂ ಪ್ರಶ್ನೆ ಬಿಡಲಿಲ್ಲ. ಬಳಗದವರು ಒಬ್ಬೊಬ್ಬರೂ ಒಂದೊಂದು ತುಣುಕು ಓದಿ ತಂದದ್ದನ್ನು ಸೇರಿಸಿ ಹೊಲಿದ ಕೌದಿ ಈ ಲೇಖನ. ಓದುತ್ತಾ ಹೋದಂತೆ ಆ ಕಥೆ ಶುರುವಾಗುವುದೇ ನಮ್ಮ ಎಡಿಸನ್ನಿನಲ್ಲಿ ಎಂದು ತಿಳಿದು ನಮಗೇ ಅಚ್ಚರಿಯಾಯಿತು.

* * *

ಮೆನ್ಲೋ ಪಾರ್ಕಿನ ದೀಪ

ನಮ್ಮ ಊರಿಗೆ ಎಡಿಸನ್ ಎಂಬ ಹೆಸರು ಬಂದದ್ದು 1954ರಲ್ಲಿ. ಅದಕ್ಕೆ ಮೊದಲು ಇದು ರಾರಿಟನ್ ಟೌನ್‌ಶಿಪ್. ಥಾಮಸ್ ಆಲ್ವ ಎಡಿಸನ್ 1876ರಲ್ಲಿ ಇಲ್ಲಿನ ಮೆನ್ಲೋ ಪಾರ್ಕಿನಲ್ಲಿ ಪ್ರಯೋಗಾಲಯ ಕಟ್ಟಿದರು. 1877ರಲ್ಲಿ ಫೋನೋಗ್ರಾಫ್, 1879ರಲ್ಲಿ ವಿದ್ಯುದ್ದೀಪ. ಇಷ್ಟು ನಮ್ಮ ಮಕ್ಕಳಿಗೂ ಗೊತ್ತು. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ಅದೇ ದೀಪದೊಳಗೆ 1880ರಲ್ಲಿ ಅವರು ಕಂಡ ಒಂದು ವಿಚಿತ್ರ. ದೀಪದ ಗಾಜಿನ ಒಳಮೈ ಕಪ್ಪಾಗುತ್ತಿತ್ತು. ಕಾರಣ ಹುಡುಕಲು ದೀಪದೊಳಗೆ ಇನ್ನೊಂದು ಲೋಹದ ತುಂಡು ಇಟ್ಟರೆ, ಕಾದ ತಂತಿಗೂ ಆ ತುಂಡಿಗೂ ನಡುವೆ ಏನೂ ಇಲ್ಲದ ಜಾಗದಲ್ಲಿ ವಿದ್ಯುತ್ತು ಹರಿಯಿತು! 1884ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಇದರಿಂದ ಏನು ಉಪಯೋಗವೆಂದು ಎಡಿಸನ್ನರಿಗೆ ಪೂರ್ತಿ ಹೊಳೆಯಲಿಲ್ಲ. ಮುಂದೆ ಇಂಗ್ಲೆಂಡಿನ ಫ್ಲೆಮಿಂಗ್ 1904ರಲ್ಲಿ ಅದೇ ತತ್ವದಿಂದ ಮೊದಲ ವಾಲ್ವ್ ಮಾಡಿದರು. ರೇಡಿಯೋ, ರೇಡಾರ್, ಮೊದಲ ಕಂಪ್ಯೂಟರುಗಳು ಎಲ್ಲವೂ ಆ ವಾಲ್ವಿನ ಸಂತಾನ.

ಎಡಿಸನ್ನರಿಗೂ ನೌಕಾಪಡೆಗೂ ನೇರ ನಂಟೂ ಉಂಟು. 1915ರಲ್ಲಿ ಅಮೆರಿಕದ ನೌಕಾಪಡೆಗೆ ಸಲಹೆ ಕೊಡುವ ವಿಜ್ಞಾನಿಗಳ ಮಂಡಳಿಗೆ ಅವರೇ ಅಧ್ಯಕ್ಷರಾದರು. ನೌಕಾಪಡೆಗೆ ತನ್ನದೇ ಪ್ರಯೋಗಾಲಯ ಬೇಕೆಂದು ವಾದಿಸಿದರು. ಅದು ನಮ್ಮ ನ್ಯೂ ಜೆರ್ಸಿಯ ಸ್ಯಾಂಡಿ ಹುಕ್‌ನಲ್ಲಿ ಆಗಲಿ ಎಂದು ಅವರ ಹಟ, ಉಳಿದವರು ಒಪ್ಪಲಿಲ್ಲ. 1923ರಲ್ಲಿ ಪ್ರಯೋಗಾಲಯ ವಾಷಿಂಗ್ಟನ್ನಿನಲ್ಲಿ ಆರಂಭವಾಯಿತು. ಅಲ್ಲಿ ತಯಾರಾದ ರೇಡಾರನ್ನು 1937ರಲ್ಲಿ ಮೊದಲು ಹಡಗಿನ ಮೇಲೆ ಇಟ್ಟು ನೋಡಿದ್ದು ಲಿಯರಿ ಎಂಬ ಡೆಸ್ಟ್ರಾಯರಿನಲ್ಲಿ. ಆ ಪ್ರಯೋಗ ಬೆಳೆದು ಬಂದ ರೇಡಾರನ್ನು ಹಡಗುಗಳಿಗಾಗಿ ತಯಾರಿಸುವ ಗುತ್ತಿಗೆ ಸಿಕ್ಕಿದ್ದು ನ್ಯೂ ಜೆರ್ಸಿಯ ಕ್ಯಾಮ್ಡೆನ್ನಿನ ಆರ್‌ಸಿಎ ಕಂಪನಿಗೆ. ಗ್ರಾಮಾಫೋನು, ರೇಡಿಯೋ ಮಾಡುತ್ತಿದ್ದ ಅದೇ ಆರ್‌ಸಿಎ.

ಡೆಸ್ಟ್ರಾಯರ್ ಎಂದರೇನು ಎಂದು ಇಲ್ಲೇ ಎರಡು ಮಾತು ಹೇಳಿಬಿಡುತ್ತೇವೆ. 19ನೆಯ ಶತಮಾನದ ಕೊನೆಗೆ ಟಾರ್ಪಿಡೊ ಹೊತ್ತ ಸಣ್ಣ ವೇಗದ ದೋಣಿಗಳು ದೊಡ್ಡ ಹಡಗುಗಳಿಗೆ ಕಂಟಕವಾದವು. ಆನೆಯ ಕಿವಿಗೆ ಇರುವೆ ಹೊಕ್ಕ ಹಾಗೆ. ಆ ದೋಣಿಗಳನ್ನು ಅಟ್ಟಿ ಹೊಡೆಯಲು ಹುಟ್ಟಿದ ಚುರುಕಾದ ಹಡಗೇ ಡೆಸ್ಟ್ರಾಯರ್, ನಮ್ಮ ಪತ್ರಿಕೆಗಳು ವಿನಾಶಕ ನೌಕೆ ಎನ್ನುವುದು ಇದನ್ನೇ. ಆಮೇಲೆ ಅದು ಜಲಾಂತರ್ಗಾಮಿಗಳನ್ನೂ ವಿಮಾನಗಳನ್ನೂ ಎದುರಿಸುವ ಎಲ್ಲ ಕೆಲಸದ ಆಳಾಯಿತು.

* * *

ಕಿಯರ್ನಿಯ ಕೂಸು

ಎಡಿಸನ್ನಿನಿಂದ ಉತ್ತರಕ್ಕೆ, ನ್ಯೂಯಾರ್ಕಿಗೆ ಹೋಗುವ ದಾರಿಯಲ್ಲಿ ಕಿಯರ್ನಿ ಸಿಗುತ್ತದೆ. ಈಗ ಅಲ್ಲಿ ಗೋದಾಮುಗಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಹಡಗು ಕಟ್ಟೆಯಿಂದ ಡೆಸ್ಟ್ರಾಯರುಗಳು ಸಾಲಾಗಿ ನೀರಿಗಿಳಿದವು. 1945ರ ಏಪ್ರಿಲಿನಲ್ಲಿ ಇಳಿದದ್ದು ಗ್ಯಾಟ್ ಎಂಬ ಹಡಗು. ಯುದ್ಧ ಮುಗಿಯುತ್ತಾ ಬಂದಿತ್ತು, ಅದರ ಪಾಲಿಗೆ ಹೆಚ್ಚು ಕೆಲಸ ಉಳಿದಿರಲಿಲ್ಲ. ಆದರೆ ಹತ್ತು ವರ್ಷದ ನಂತರ ಅದನ್ನು ಬಾಸ್ಟನ್ನಿಗೆ ಒಯ್ದು, ಹಿಂಭಾಗದ ತೋಪುಗಳನ್ನು ಕಿತ್ತು, ಟೆರಿಯರ್ ಎಂಬ ಕ್ಷಿಪಣಿ ಹಾರಿಸುವ ಸಾಧನ ಕೂರಿಸಿದರು. 1956ರ ಡಿಸೆಂಬರಿನಲ್ಲಿ ಗ್ಯಾಟ್ ಮತ್ತೆ ಸೇವೆಗೆ ಸೇರಿದಾಗ ಅದು ಜಗತ್ತಿನ ಮೊದಲ ನಿರ್ದೇಶಿತ ಕ್ಷಿಪಣಿ ಡೆಸ್ಟ್ರಾಯರ್ ಆಗಿತ್ತು. ಮುಂದೆ ಇಂಥ ಹೊಸ ಹಡಗುಗಳನ್ನೇ ಕಟ್ಟತೊಡಗಿದರು. ಆ ಮೊದಲ ತಂಡದ ಲಾರೆನ್ಸ್, ಬಾರ್ನಿ ಮುಂತಾದವು ಕ್ಯಾಮ್ಡೆನ್ನಿನಲ್ಲಿ ತಯಾರಾದವು.

ಇಲ್ಲೊಂದು ಬದಲಾವಣೆ ಗಮನಿಸಬೇಕು. ತೋಪು ಎಂದರೆ ಉಕ್ಕು ಮತ್ತು ಮದ್ದು. ಕೆಟ್ಟರೆ ಒಳ್ಳೆಯ ಲೇತ್ ಕೆಲಸಗಾರ ಸರಿಮಾಡಿಯಾನು. ಕ್ಷಿಪಣಿ ಹಾಗಲ್ಲ. ಗುರಿ ಎಲ್ಲಿದೆ ಎಂದು ರೇಡಾರ್ ನೋಡಬೇಕು, ಕಂಪ್ಯೂಟರ್ ಲೆಕ್ಕ ಹಾಕಬೇಕು, ಹಾರಿದ ಕ್ಷಿಪಣಿಗೆ ದಾರಿ ತೋರಬೇಕು. ಈ ಸರಪಳಿಯಲ್ಲಿ ಒಂದು ಸಣ್ಣ ಬಿಡಿಭಾಗ ಕೆಟ್ಟರೂ ಸಾವಿರಾರು ಟನ್ನಿನ ಹಡಗು ಕುರುಡಾಗುತ್ತದೆ. ಗ್ಯಾಟ್ ಹಡಗಿನಿಂದ ಈಚೆಗೆ ಹಡಗಿನ ಬಲ ಉಕ್ಕಿನ ದಪ್ಪದಲ್ಲಿಲ್ಲ, ಅಂಗೈ ಮೇಲೆ ಇಡಬಹುದಾದ ಸಾಮಾನುಗಳಲ್ಲಿದೆ.

* * *

ಮೂರ್‌ಸ್ಟೌನಿನ ಹಡಗು

ಈಗ ಮಾವನವರು ಕಂಡ ಹಡಗಿಗೆ ಬರೋಣ. 1969ರ ಡಿಸೆಂಬರಿನಲ್ಲಿ ಅಮೆರಿಕದ ನೌಕಾಪಡೆ ಏಜಿಸ್ ಎಂಬ ರಕ್ಷಣಾ ವ್ಯವಸ್ಥೆ ಕಟ್ಟಿಕೊಡಲು ಆರ್‌ಸಿಎ ಕಂಪನಿಗೆ ಒಪ್ಪಿಸಿತು. ಗ್ರೀಕರ ಪುರಾಣದಲ್ಲಿ ಏಜಿಸ್ ಎಂದರೆ ದೇವರಾಜ ಜ್ಯೂಸನ ಗುರಾಣಿ. ತಿರುಗುವ ಆಂಟೆನಾ ಬದಲು ಹಡಗಿನ ನಾಲ್ಕು ಕಡೆಗೆ ನಾಲ್ಕು ಎಂಟು ಮೂಲೆಯ ಫಲಕ; ಒಂದೊಂದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಪುಟ್ಟ ಆಂಟೆನಾಗಳು. ಅವು ಕದಲದೆ ನಿಂತೇ ಕಿರಣವನ್ನು ಬೇಕಾದ ಕಡೆ ತಿರುಗಿಸುತ್ತವೆ, ಒಂದೇ ಹೊತ್ತಿಗೆ ನೂರಕ್ಕೂ ಹೆಚ್ಚು ಗುರಿಗಳ ಮೇಲೆ ಕಣ್ಣಿಡುತ್ತವೆ.

ಇಷ್ಟು ಸಂಕೀರ್ಣವಾದದ್ದನ್ನು ನೇರವಾಗಿ ಹಡಗಿಗೆ ಕೂರಿಸಿ, ಸಮುದ್ರದ ಮಧ್ಯೆ ತಪ್ಪು ಹುಡುಕುವುದು ಸಾಧ್ಯವೇ? ಅದಕ್ಕೆ ನೆಲದ ಮೇಲೆಯೇ ಹಡಗಿನ ಮೇಲ್ಮನೆ ಕಟ್ಟಿದರು. ಶೀತಲ ಸಮರದ ಕಾಲದಲ್ಲಿ ರಷ್ಯದ ಕ್ಷಿಪಣಿಗಳ ಮುನ್ಸೂಚನೆ ಕೊಡುವ ರೇಡಾರಿನ ಪರೀಕ್ಷೆ ನಡೆಯುತ್ತಿದ್ದ ಜಾಗ ಅದು. 1977ರಿಂದ ಅಲ್ಲಿ ಏಜಿಸ್ ಪರೀಕ್ಷೆ ನಡೆಯುತ್ತಿದೆ. ಪಕ್ಕದ ತೊರೆಯ ಹೆಸರಿಂದ ಅದನ್ನು ಯುಎಸ್‌ಎಸ್ ರಾನ್‌ಕೋಕಸ್ ಎನ್ನುತ್ತಾರೆ, ಊರ ಜನ ಜೋಳದ ಹೊಲದ ಕ್ರೂಸರ್ ಎನ್ನುತ್ತಾರೆ. ಸ್ವಲ್ಪ ಕಟ್ಟು, ಸ್ವಲ್ಪ ಪರೀಕ್ಷಿಸು, ಬಹಳ ಕಲಿ ಎಂಬುದು ಏಜಿಸ್ ಯೋಜನೆಯನ್ನು ನಡೆಸಿದ ಅಡ್ಮಿರಲ್ ವೇಯ್ನ್ ಮೇಯರ್ ಅವರ ನೀತಿ. 1983ರಲ್ಲಿ ಏಜಿಸ್ ಹೊತ್ತ ಮೊದಲ ಕ್ರೂಸರ್ ಟೈಕಾಂಡರೋಗ ಸೇವೆಗೆ ಬಂತು. 1991ರ ಜುಲೈ 4ರಂದು ಮೊದಲ ಏಜಿಸ್ ಡೆಸ್ಟ್ರಾಯರ್ ಆರ್ಲೀ ಬರ್ಕ್. ಆ ವರ್ಗದ ಹಡಗುಗಳು ಇವತ್ತಿಗೆ 70ಕ್ಕಿಂತ ಹೆಚ್ಚಿವೆ.

ಹಡಗುಗಳ ಹೆಸರು ಹಾಗೇ ಉಳಿದವು, ಕಂಪನಿಯ ಹೆಸರು ಮಾತ್ರ ಉಳಿಯಲಿಲ್ಲ. ಆರ್‌ಸಿಎ 1986ರಲ್ಲಿ ಜನರಲ್ ಎಲೆಕ್ಟ್ರಿಕ್ ಪಾಲಾಯಿತು. 1993ರಲ್ಲಿ ಈ ವಿಭಾಗ ಮಾರ್ಟಿನ್ ಮರಿಯೆಟ್ಟಾಗೆ ಹೋಯಿತು. 1995ರಲ್ಲಿ ಅದು ಲಾಕ್‌ಹೀಡ್ ಜೊತೆ ಸೇರಿ ಲಾಕ್‌ಹೀಡ್ ಮಾರ್ಟಿನ್ ಆಯಿತು. ಅದೇ ಕಟ್ಟಡ, ಅದೇ ಮೇಜು, ಸಂಬಳದ ಚೀಟಿಯ ಮೇಲೆ ನಾಲ್ಕು ಹೆಸರು! ನಮ್ಮಲ್ಲಿ ಕೆಲವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಇನ್ನೊಂದು ಸಂಗತಿ ಕೇಳಿ ಮಾವನವರು ಬಹಳ ಸಂತೋಷಪಟ್ಟರು. ಏಜಿಸ್ಸಿನ ಎಸ್‌ಪಿವೈ-1 ರೇಡಾರಿನಲ್ಲಿ ಅಲೆಗಳಿಗೆ ಶಕ್ತಿ ತುಂಬುವುದು ಟ್ರಾನ್ಸಿಸ್ಟರಲ್ಲ, ಒಳಗೆ ಗಾಳಿಯಿಲ್ಲದ ಒಂದು ಬಗೆಯ ವಾಲ್ವ್. ಅಂದರೆ ಮೆನ್ಲೋ ಪಾರ್ಕಿನ ದೀಪದ ಮೊಮ್ಮಕ್ಕಳು ಇಂದಿಗೂ ಸಮುದ್ರದ ಮೇಲೆ ಕಾವಲಿದ್ದಾರೆ. ಅವು ಸವೆಯುತ್ತವೆ, ಬದಲಿಸುತ್ತಲೇ ಇರಬೇಕು. 2023ರಲ್ಲಿ ಸೇವೆಗೆ ಬಂದ ಹೊಸ ಮಾದರಿಯ ಹಡಗಿನ ಎಸ್‌ಪಿವೈ-6 ರೇಡಾರಿನಲ್ಲಿ ಮಾತ್ರ ಅವುಗಳ ಜಾಗಕ್ಕೆ ಗ್ಯಾಲಿಯಂ ನೈಟ್ರೈಡ್ ಚಿಪ್ಪುಗಳು ಬಂದಿವೆ.

* * *

ಹಡಗಿನ ಆಯುಸ್ಸು, ಚಿಪ್ಪಿನ ಆಯುಸ್ಸು

ಮಾವನವರ ಪ್ರಶ್ನೆಯ ನಡುಮನೆಗೆ ಈಗ ಬಂದೆವು. ಆರ್ಲೀ ಬರ್ಕ್ ವರ್ಗದ ಮೊದಲ ಹಡಗುಗಳಿಗೆ ಲೆಕ್ಕ ಹಾಕಿದ್ದ ಆಯುಸ್ಸು 35 ವರ್ಷ. 2024ರಲ್ಲಿ ಅವುಗಳ ಪೈಕಿ 12 ಹಡಗುಗಳ ಸೇವೆಯನ್ನು ಇನ್ನೂ ಮುಂದುವರಿಸುವುದಾಗಿ ನೌಕಾಪಡೆ ಹೇಳಿತು. ಆದರೆ ಒಂದು ಚಿಪ್ಪು ಮಾರುಕಟ್ಟೆಯಲ್ಲಿ ಬದುಕುವುದು ಕೆಲವೇ ವರ್ಷ. ಆಮೇಲೆ ಕಂಪನಿ ಹೊಸ ಮಾದರಿಗೆ ಹೋಗುತ್ತದೆ, ಹಳೆಯದರ ಅಚ್ಚು ಎತ್ತಿಡುತ್ತದೆ.

ಮೊದಲು ಹೀಗಿರಲಿಲ್ಲ. ಟ್ರಾನ್ಸಿಸ್ಟರ್ ಹುಟ್ಟಿದ್ದು ಇಲ್ಲೇ ಹತ್ತಿರ, ಮರ್ರೆ ಹಿಲ್‌ನ ಬೆಲ್ ಲ್ಯಾಬ್ಸಿನಲ್ಲಿ, 1947ರ ಡಿಸೆಂಬರಿನಲ್ಲಿ. 1960ರ ದಶಕದ ಆರಂಭದಲ್ಲಿ ಇಂಟಿಗ್ರೇಟೆಡ್ ಸರ್ಕ್ಯೂಟ್ ಬಂದಾಗ ಅವನ್ನೆಲ್ಲ ಕೊಳ್ಳುತ್ತಿದ್ದದ್ದು ಹೆಚ್ಚುಕಡಿಮೆ ಸರ್ಕಾರ ಒಂದೇ. ಗಿರಾಕಿ ಒಬ್ಬನೇ ಆದಾಗ ಅಂಗಡಿಯವನು ಅವನ ಮಾತು ಕೇಳುತ್ತಾನೆ. ಆಮೇಲೆ ಮನೆಮನೆಗೆ ಕ್ಯಾಲ್ಕುಲೇಟರ್, ಕಂಪ್ಯೂಟರ್, ಮೊಬೈಲು ಬಂದವು. ಸೇನೆ ಸಣ್ಣ ಗಿರಾಕಿಯಾಯಿತು. 1994ರಲ್ಲಿ ರಕ್ಷಣಾ ಕಾರ್ಯದರ್ಶಿ ವಿಲಿಯಂ ಪೆರ್ರಿ, ಸೇನೆಗೆಂದೇ ಪ್ರತ್ಯೇಕ ನಿಯಮದ ಸಾಮಾನು ಕೇಳುವುದನ್ನು ಕಡಿಮೆ ಮಾಡಿ, ಸಾಧ್ಯವಿದ್ದಲ್ಲೆಲ್ಲ ಪೇಟೆಯಲ್ಲಿ ಸಿಗುವುದನ್ನೇ ಕೊಳ್ಳಿ ಎಂದು ಆದೇಶಿಸಿದರು. ಖರ್ಚು ಉಳಿಯಿತು, ವೇಗದ ಕಂಪ್ಯೂಟರುಗಳು ಹಡಗಿಗೆ ಬಂದವು. ಆದರೆ ಪೇಟೆಯ ಸಾಮಾನಿನ ಜೊತೆ ಪೇಟೆಯ ಅಲ್ಪಾಯುಸ್ಸೂ ಹಡಗು ಹತ್ತಿತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ನೌಕಾಪಡೆಗೂ ಅನ್ವಯಿಸುತ್ತದೆ.

ಹಾಗಾದರೆ ಏನು ಮಾಡುತ್ತಾರೆ? ನಾಲ್ಕು ದಾರಿ. ಒಂದು, ಕಂಪನಿ ಉತ್ಪಾದನೆ ನಿಲ್ಲಿಸುವ ಮೊದಲು ಮುಂದಿನ ಇಪ್ಪತ್ತು ಮೂವತ್ತು ವರ್ಷಕ್ಕೆ ಬೇಕಾದಷ್ಟನ್ನು ಒಮ್ಮೆಗೇ ಕೊಂಡಿಡುವುದು. ಮಳೆಗಾಲಕ್ಕೆ ಹಪ್ಪಳ ಸಂಡಿಗೆ ಮಾಡಿಟ್ಟ ಹಾಗೆ. ಎರಡು, ದುರಸ್ತಿಗೆ ನಿಂತ ಹಡಗಿನಿಂದ ಕಿತ್ತು ಹೊರಡಲಿರುವ ಹಡಗಿಗೆ ಹಾಕುವುದು. ಇದು ಹೆಚ್ಚುತ್ತಿದೆ ಎಂದು ಅಮೆರಿಕ ಸರ್ಕಾರದ ಲೆಕ್ಕ ಪರಿಶೋಧಕರು 2023ರಲ್ಲಿ ಎಚ್ಚರಿಸಿದರು. ಮೂರು, ಇಡೀ ಬೋರ್ಡನ್ನೇ ಹೊಸದಾಗಿ ವಿನ್ಯಾಸ ಮಾಡುವುದು. ಅದು ದುಬಾರಿ, ಒಂದು ಬದಲಿಸಿದರೆ ಮತ್ತೆಲ್ಲ ಪರೀಕ್ಷೆ ಮಾಡಬೇಕು.

ನಾಲ್ಕನೆಯ ದಾರಿ ಇರುವುದು ಪ್ರಿನ್ಸ್‌ಟನ್ನಿನಲ್ಲಿ, ನಮ್ಮಿಂದ ಅರ್ಧ ತಾಸಿನ ಹಾದಿ. ಆರ್‌ಸಿಎ 1942ರಲ್ಲಿ ಅಲ್ಲಿ ತೆರೆದ ಸಂಶೋಧನಾಲಯವೇ ಮುಂದೆ ಸಾರ್ನಾಫ್ ಕೇಂದ್ರವಾಗಿ, ಈಗ ಎಸ್‌ಆರ್‌ಐ ಸಂಸ್ಥೆಗೆ ಸೇರಿದೆ. 1980ರ ದಶಕದ ಕೊನೆಯಿಂದ ಅಲ್ಲಿ ರಕ್ಷಣಾ ಇಲಾಖೆಗಾಗಿ ನಿಂತುಹೋದ ಚಿಪ್ಪುಗಳಿಗೆ ಬದಲಿ ತಯಾರಿಸುವ ಕೆಲಸ ನಡೆದಿದೆ. ಹಳೆಯ ಚಿಪ್ಪಿನ ದಾಖಲೆ ತೆಗೆದು, ಅದರ ಒಂದೊಂದು ಕಾಲೂ ಯಾವ ಸಂಕೇತಕ್ಕೆ ಏನು ಉತ್ತರ ಕೊಡುತ್ತಿತ್ತು ಎಂದು ಬರೆದುಕೊಳ್ಳುತ್ತಾರೆ. ಅರ್ಧ ತಯಾರಾಗಿ ಇಟ್ಟ ಸಿಲಿಕಾನ್ ಬಿಲ್ಲೆಯ ಮೇಲೆ ಕೊನೆಯ ಲೋಹದ ಪದರವನ್ನು ಆ ಚಿಪ್ಪಿಗೆ ತಕ್ಕ ಹಾಗೆ ಬರೆಯುತ್ತಾರೆ. ಹೊರಗಿನ ಅಳತೆ, ಕಾಲುಗಳ ಜೋಡಣೆ ಹಳೆಯದರಂತೆಯೇ. ಹಳೆಯ ಬೋರ್ಡಿನಲ್ಲಿ ಕೂರಿಸಿದರೆ ಬೋರ್ಡಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

* * *

ರೇಡಿಯೋ ರೋ ಮತ್ತು ಎಸ್.ಪಿ. ರಸ್ತೆ

ನ್ಯೂಯಾರ್ಕಿನ ಹಳಬರಿಗೆ ರೇಡಿಯೋ ರೋ ನೆನಪಿದ್ದೀತು. ಕೆಳ ಮ್ಯಾನ್‌ಹಾಟನ್ನಿನ ಕಾರ್ಟ್‌ಲ್ಯಾಂಡ್ ಬೀದಿಯ ಸುತ್ತ 1920ರ ದಶಕದಿಂದ ಬೆಳೆದ ರೇಡಿಯೋ ಬಿಡಿಭಾಗಗಳ ಸಂತೆ ಅದು. ಎರಡನೆಯ ಮಹಾಯುದ್ಧ ಮುಗಿದಮೇಲೆ ಸೇನೆಯ ಮಿಕ್ಕ ಸಾಮಾನು ಅಲ್ಲಿ ರಾಶಿ ಬಿದ್ದಿತು. 1966ರಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟಲೆಂದು ಆ ಬೀದಿಗಳನ್ನು ಕೆಡವಿದರು. ಅದರ ಕನ್ನಡ ರೂಪ ನೋಡಬೇಕಾದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕು. ಎಂಜಿನಿಯರಿಂಗ್ ಓದುವಾಗ ಪ್ರಾಜೆಕ್ಟಿಗೆ ಒಂದು ಐ.ಸಿ. ಹುಡುಕಿಕೊಂಡು ಸಾದರ ಪಾತ್ರಪ್ಪನವರ ಹೆಸರಿನ ಆ ಗಲ್ಲಿಗಳಲ್ಲಿ ಅಲೆಯದವರು ನಮ್ಮ ಬಳಗದಲ್ಲಿ ಕಡಿಮೆ. "ಒರಿಜಿನಲ್ಲಾ, ಡೂಪ್ಲಿಕೇಟಾ?" ಎಂದು ಅಂಗಡಿಯವನೇ ಕೇಳಿ, ಎರಡು ಬೆಲೆ ಹೇಳುತ್ತಿದ್ದ.

ಈ ಪ್ರಶ್ನೆ ಯುದ್ಧನೌಕೆಗೂ ಬಂತು. ಮೂಲ ಕಂಪನಿ ಮಾಡದ ಬಿಡಿಭಾಗ ಬೇಕಾದಾಗ ದಲ್ಲಾಳಿಗಳ ಹತ್ತಿರ ಹೋಗಬೇಕು. ಅಮೆರಿಕದ ಸೆನೆಟ್ಟಿನ ಸಶಸ್ತ್ರ ಸೇವಾ ಸಮಿತಿ ತನಿಖೆ ನಡೆಸಿ 2012ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು: 2009 ಮತ್ತು 2010ರಲ್ಲೇ ಸುಮಾರು 1,800 ಪ್ರಕರಣ, ಹತ್ತು ಲಕ್ಷಕ್ಕೂ ಹೆಚ್ಚು ಅನುಮಾನಾಸ್ಪದ ಬಿಡಿಭಾಗಗಳು. ಹೆಚ್ಚಿನವುಗಳ ಮೂಲ ಚೀನಾ. ನಾವು ಇಲ್ಲಿ ಎಸೆದ ಹಳೆಯ ಕಂಪ್ಯೂಟರುಗಳು ಹಡಗು ಹತ್ತಿ ಅಲ್ಲಿಗೆ ಹೋಗುತ್ತಿದ್ದವು. ಬೋರ್ಡುಗಳನ್ನು ಬೆಂಕಿಯ ಮೇಲೆ ಕಾಯಿಸಿ ಚಿಪ್ಪು ಬಿಡಿಸಿ, ನದಿಯಲ್ಲಿ ತೊಳೆದು, ಮೇಲಿನ ಹೆಸರು ಉಜ್ಜಿ ತೆಗೆದು, ಕಪ್ಪು ಬಳಿದು, ಹೊಸ ಸಂಖ್ಯೆ ಅಚ್ಚು ಹಾಕುತ್ತಿದ್ದರು. ಡೆಸ್ಟ್ರಾಯರುಗಳ ಮೇಲಿಂದ ಹಾರುವ ಎಸ್‌ಎಚ್-60ಬಿ ಹೆಲಿಕಾಪ್ಟರಿನ ರಾತ್ರಿ ನೋಡುವ ಸಾಧನದಲ್ಲೂ ಅಂಥ ಅನುಮಾನದ ಟ್ರಾನ್ಸಿಸ್ಟರುಗಳಿದ್ದವು ಎಂದು ವರದಿ ಹೇಳಿತು. ಅದು ಕೆಟ್ಟರೆ ಕತ್ತಲಲ್ಲಿ ಪೈಲಟ್ಟಿಗೆ ಗುರಿ ಕಾಣದು.

ಎಡಿಸನ್ನಿನ ಯಾವುದೋ ಮನೆಯ ನೆಲಮಾಳಿಗೆಯಿಂದ ಹೊರಬಿದ್ದ ಕಂಪ್ಯೂಟರಿನ ಚಿಪ್ಪು ಲೋಕ ಸುತ್ತಿ, ಹೆಸರು ಬದಲಿಸಿ, ನಮ್ಮನ್ನೇ ಕಾಯುವ ಹಡಗಿಗೆ ಸೇರಿರಬಹುದಲ್ಲ ಎಂದು ಯೋಚಿಸಿದರೆ ಮೈ ಜುಂ ಎನ್ನುತ್ತದೆ.

* * *

ಮೈಸೂರು ಎಂಬ ಹಡಗು

ಇಷ್ಟೂ ಅಮೆರಿಕದ ಮಾತಾಯಿತು. ಕೊಳ್ಳುವ ಶಕ್ತಿಯೂ ಮಾಡುವ ಶಕ್ತಿಯೂ ಇರುವ ದೇಶಕ್ಕೇ ಹೀಗಾದರೆ, ನಮ್ಮೂರಿನ ಹೆಸರು ಹೊತ್ತ ಹಡಗಿನ ಪಾಡೇನು?

ಭಾರತದ ನೌಕಾಪಡೆಯಲ್ಲಿ ಮೈಸೂರು ಹೆಸರಿನ ಹಡಗು ಎರಡು. ಮೊದಲನೆಯದು ಬ್ರಿಟಿಷರ ನೈಜೀರಿಯ ಎಂಬ ಕ್ರೂಸರ್; ಅದನ್ನು ಕೊಂಡು, ರಿಪೇರಿ ಮಾಡಿಸಿ, 1957ರ ಆಗಸ್ಟ್ 29ರಂದು ಐ.ಎನ್.ಎಸ್. ಮೈಸೂರು ಎಂದು ಸೇವೆಗೆ ಸೇರಿಸಲಾಯಿತು. 1971ರ ಯುದ್ಧದಲ್ಲಿ ಅದು ಪಶ್ಚಿಮ ನೌಕಾದಳದ ಧ್ವಜನೌಕೆ. 1985ರಲ್ಲಿ ನಿವೃತ್ತಿ. ಎರಡನೆಯದು ಮುಂಬಯಿಯ ಮಜಗಾಂವ್ ಡಾಕಿನಲ್ಲೇ ಕಟ್ಟಿದ ಕ್ಷಿಪಣಿ ಡೆಸ್ಟ್ರಾಯರ್. 1999ರ ಜೂನ್ 2ರಂದು ಸೇವೆಗೆ ಬಂತು. ಗಂಡಭೇರುಂಡವೇ ಅದರ ಲಾಂಛನ.

ಈ ಎರಡನೆಯ ಮೈಸೂರು ಹತ್ತು ಕಡೆಯ ದಿನಸಿ ಸೇರಿಸಿ ಮಾಡಿದ ಬಿಸಿಬೇಳೆಬಾತ್. ಕ್ಷಿಪಣಿಗಳು ರಷ್ಯದವು. ಗ್ಯಾಸ್ ಟರ್ಬೈನ್ ಉಕ್ರೇನಿನದು. ದೂರದ ವಿಮಾನ ಪತ್ತೆಮಾಡುವ ರೇಡಾರ್ ಹಾಲೆಂಡಿನ ವಿನ್ಯಾಸ, ತಯಾರಿಕೆ ನಮ್ಮ ಬಿ.ಇ.ಎಲ್. ನೀರೊಳಗೆ ಆಲಿಸುವ ಸೋನಾರ್ ಕೊಚ್ಚಿಯ ನೌಕಾ ಪ್ರಯೋಗಾಲಯದ ವಿನ್ಯಾಸ, ತಯಾರಿಕೆ ಮತ್ತೆ ಬಿ.ಇ.ಎಲ್. ಸೀ ಕಿಂಗ್ ಹೆಲಿಕಾಪ್ಟರ್ ಬ್ರಿಟನ್ನಿನದು, ಅದರೊಳಗಿನ ಅನೇಕ ಭಾಗಗಳು ಅಮೆರಿಕದವು. ಒಂದೊಂದು ದಿನಸಿಗೂ ಒಂದೊಂದು ಅಂಗಡಿ. ಯಾವ ಅಂಗಡಿ ಯಾವಾಗ ಬಾಗಿಲು ಹಾಕುತ್ತದೋ ಹೇಳುವಂತಿಲ್ಲ.

ಮೊದಲು ಮುಚ್ಚಿದ್ದು ಸೋವಿಯತ್ ಅಂಗಡಿ. ಭಾರತದ ಮೊದಲ ಕ್ಷಿಪಣಿ ಡೆಸ್ಟ್ರಾಯರುಗಳಾದ ರಜಪೂತ್ ವರ್ಗದ ಐದು ಹಡಗುಗಳು 1980ರಿಂದ 1987ರ ನಡುವೆ ಅಲ್ಲಿಂದ ಬಂದಿದ್ದವು. 1991ರ ಡಿಸೆಂಬರಿನಲ್ಲಿ ಆ ದೇಶವೇ ಇಲ್ಲವಾಯಿತು. ಹಡಗು ಕಟ್ಟಿದ ನಿಕೊಲಾಯೆವ್ ಊರು ಉಕ್ರೇನಿನಲ್ಲಿ ಉಳಿಯಿತು, ಆಯುಧದ ಕಾರ್ಖಾನೆಗಳು ರಷ್ಯದಲ್ಲಿ, ಇನ್ನು ಕೆಲವು ಮತ್ತೆಲ್ಲೋ. ಒಂದೇ ಪತ್ರಕ್ಕೆ ಬರುತ್ತಿದ್ದ ಬಿಡಿಭಾಗಕ್ಕೆ ಈಗ ನಾಲ್ಕು ದೇಶದ ಬಾಗಿಲು ತಟ್ಟಬೇಕಾಯಿತು. ಅಂಥ ಸ್ಥಿತಿಯಲ್ಲೂ ರಜಪೂತ್ ಹಡಗನ್ನು 2021ರ ಮೇ ತಿಂಗಳವರೆಗೆ, 41 ವರ್ಷ ನಡೆಸಿದರು ಎಂಬುದು ಸಣ್ಣ ಮಾತಲ್ಲ.

ಎರಡನೆಯ ಪೆಟ್ಟು ಬಿದ್ದದ್ದು 1998ರಲ್ಲಿ. ಮೇ 11 ಮತ್ತು 13ರಂದು ಪೋಖ್ರಾನಿನಲ್ಲಿ ಅಣು ಪರೀಕ್ಷೆ ನಡೆದಮೇಲೆ ಅಮೆರಿಕ ದಿಗ್ಬಂಧನ ಹಾಕಿತು. ಬ್ರಿಟನ್ನಿನ ಸೀ ಕಿಂಗ್‌ಗಳಿಗೂ ಬಿಡಿಭಾಗ ನಿಂತಿತು, ಯಾಕೆಂದರೆ ಒಳಗಿನ ಸಾಮಾನು ಅಮೆರಿಕದ್ದು. ನವೆಂಬರಿನಲ್ಲಿ ಪ್ರಕಟವಾದ ನಿರ್ಬಂಧಿತ ಸಂಸ್ಥೆಗಳ ಪಟ್ಟಿಯಲ್ಲಿ ಬಿ.ಇ.ಎಲ್. ಹೆಸರೂ ಇತ್ತು. ಆಗ ನಮ್ಮ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್ನಿನಲ್ಲಿ ಲಘು ಯುದ್ಧವಿಮಾನದ ನಿಯಂತ್ರಣ ವ್ಯವಸ್ಥೆಯ ಮೇಲೆ ದುಡಿಯುತ್ತಿದ್ದ ಭಾರತೀಯ ಎಂಜಿನಿಯರುಗಳನ್ನು ವಾಪಸು ಕಳಿಸಿದರು. ಅವರು ಬೆಂಗಳೂರಿಗೆ ಹಿಂತಿರುಗಿ ಕೆಲಸ ಮುಂದುವರಿಸಿದರು. 2001ರ ಜನವರಿ 4ರಂದು ಆ ವಿಮಾನ ಬೆಂಗಳೂರಿನ ಆಕಾಶದಲ್ಲಿ ಹಾರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದಿಗ್ಬಂಧನ ಸಡಿಲವಾಯಿತು. ಆರೇ ವರ್ಷದಲ್ಲಿ ಕಾಲ ಎಷ್ಟು ತಿರುಗಿತೆಂದರೆ, ನಮ್ಮ ನ್ಯೂ ಜೆರ್ಸಿಯ ರಾಜಧಾನಿಯ ಹೆಸರು ಹೊತ್ತ ಟ್ರೆಂಟನ್ ಎಂಬ ಅಮೆರಿಕದ ನೌಕೆಯನ್ನೇ ಭಾರತ ಕೊಂಡು 2007ರ ಜೂನಿನಲ್ಲಿ ಐ.ಎನ್.ಎಸ್. ಜಲಾಶ್ವ ಎಂದು ಹೆಸರಿಟ್ಟಿತು! ಅದು ಡೆಸ್ಟ್ರಾಯರ್ ಅಲ್ಲ, ಸೈನಿಕರನ್ನೂ ವಾಹನಗಳನ್ನೂ ಸಾಗಿಸುವ ಹಡಗು. 1971ರಲ್ಲಿ ಸೇವೆಗೆ ಬಂದ ಹಳೆಯ ಹಡಗು. ಮತ್ತೆ ಬಿಡಿಭಾಗಗಳ ಅದೇ ಪ್ರಶ್ನೆ.

ಅಂಗಡಿ ಮುಚ್ಚಿದಾಗಲೇ ಅಡಿಗೆಮನೆ ಚುರುಕಾಗುವುದು. ಈಗಿನ ಭಾರತದ ಯುದ್ಧನೌಕೆಗಳಲ್ಲಿ ಸೋನಾರ್, ಸಂಪರ್ಕ ಸಾಧನ, ವಿದ್ಯುನ್ಮಾನ ಸಮರದ ಸಲಕರಣೆ, ರೇಡಾರುಗಳ ದೊಡ್ಡ ಪಾಲು ಬೆಂಗಳೂರಿನ ಬೇರಿನದು. ಕಾರವಾರದಲ್ಲಿ 2005ರಲ್ಲಿ ಆರಂಭವಾದ, ಕದಂಬರ ಹೆಸರಿನ ನೌಕಾನೆಲೆಯಲ್ಲಿ ಹಡಗು ದುರಸ್ತಿಯ ಅಂಗಳವೂ ಇದೆ. ಹಾಗೆಂದು ಎಲ್ಲ ಚಿಪ್ಪುಗಳೂ ನಮ್ಮವೇ ಎಂದು ಬೀಗುವ ಹಾಗಿಲ್ಲ. ಸಾಧನದ ಮೇಲಿನ ಹೆಸರು ಕನ್ನಡ ನೆಲದ್ದಾದರೂ ಒಳಗಿನ ಅನೇಕ ಚಿಪ್ಪುಗಳು ಇಂದಿಗೂ ಹೊರಗಿನವೇ.

* * *

ಬರೆದಿಟ್ಟವರು ಉಳಿದರು

ಇಷ್ಟೆಲ್ಲ ಸೇರಿಸಿದ ಮೇಲೆ ಒಂದು ಭಾನುವಾರ ಬೆಂಗಳೂರಿಗೆ ಫೋನು ಮಾಡಿ ಮಾವನವರಿಗೆ ಉತ್ತರ ಒಪ್ಪಿಸಿದೆವು. ಪ್ರಿನ್ಸ್‌ಟನ್ನಿನ ಸಂಗತಿ ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಆ ಚಿಪ್ಪು ಏನು ಮಾಡ್ತಿತ್ತು ಅಂತ ಯಾರೋ ಬರೆದಿಟ್ಟಿದ್ರು. ಬರೆದಿಟ್ಟಿದ್ರೆ ಮತ್ತೆ ಮಾಡಬಹುದು. ಬರೆದಿಡದೇ ಇದ್ರೆ ಏನೂ ಮಾಡಕ್ಕಾಗಲ್ಲ" ಎಂದರು.

ಅವರು ಬಿ.ಇ.ಎಲ್. ಸೇರಿದ್ದು 1960ರ ದಶಕದಲ್ಲಿ, ಜಾಲಹಳ್ಳಿಯಲ್ಲಿ ವಾಲ್ವ್ ತಯಾರಿಕೆ ಆಗತಾನೆ ಶುರುವಾಗಿದ್ದ ಕಾಲದಲ್ಲಿ. ಗಾಜಿನ ನಳಿಕೆಯೊಳಗಿನ ಗಾಳಿ ಪೂರ್ತಿ ಹೋಗಿದೆಯೇ ಎಂದು ಬಣ್ಣ ನೋಡಿ ಹೇಳುತ್ತಿದ್ದ ಹಿರಿಯ ಕೆಲಸಗಾರರಿಂದ ಕಲಿತವರು. ಆ ಕಣ್ಣಿನ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಅವರ ಜೊತೆಯವರಲ್ಲಿ ಹೆಚ್ಚಿನವರು ಈಗಿಲ್ಲ.

ಸಾಹಿತ್ಯದ ಬಳಗಕ್ಕೆ ಈ ಮಾತು ಹೊಸದಲ್ಲ. ನಮ್ಮದೇ ಪತ್ರಿಕೆಯ ಮೊದಲ ಸಂಚಿಕೆಗಳ ಗತಿ ನೋಡಿ. ಯೂನಿಕೋಡ್ ಬಳಕೆಗೆ ಬರುವ ಮೊದಲು ಬರಹ, ನುಡಿ, ಶ್ರೀಲಿಪಿಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿ ಫ್ಲಾಪಿಯಲ್ಲಿ ಎತ್ತಿಟ್ಟದ್ದು. ಈಚೆಗೆ ಒಂದನ್ನು ತೆರೆದರೆ ಕನ್ನಡದ ಬದಲು ಅರ್ಥವಾಗದ ಗೀಚು ಬಂತು. ಕವಿತೆ ಅಲ್ಲೇ ಇದೆ, ಓದುವ ಬಿಡಿಭಾಗ ಇಲ್ಲ! ಪುಣ್ಯಕ್ಕೆ ಯಾವ ಗೀಚು ಯಾವ ಅಕ್ಷರ ಎಂದು ಪಟ್ಟಿ ಬರೆದಿಟ್ಟವರಿದ್ದರು, ಅದರಿಂದ ಕೆಲವನ್ನು ಉಳಿಸಿಕೊಂಡೆವು. ಫ್ಲಾಪಿಗೆ ಬೂಸಲು ಹಿಡಿದವು ಹೋದವು.

ಕೊನೆಗೊಂದು ಸಂತೋಷದ ಸುದ್ದಿ. ಮಾವನವರು ಪ್ರತಿ ಭಾನುವಾರ ಅರ್ಧ ಗಂಟೆ ತಮ್ಮ ವಾಲ್ವ್ ದಿನಗಳ ಬಗ್ಗೆ ಫೋನಿನಲ್ಲಿ ಹೇಳಲು ಒಪ್ಪಿದ್ದಾರೆ, ನಾವು ಬರೆದುಕೊಳ್ಳುತ್ತಿದ್ದೇವೆ. ನಾಲ್ಕು ಭಾನುವಾರ ಆಗಿದೆ. ನಿಮ್ಮ ಮನೆಯಲ್ಲೂ ಬಿ.ಇ.ಎಲ್., ಎಚ್.ಎ.ಎಲ್., ಐ.ಟಿ.ಐ.ಗಳಲ್ಲಿ ದುಡಿದ ಹಿರಿಯರಿದ್ದರೆ ದಯವಿಟ್ಟು ಕೇಳಿ, ಬರೆದು ಕಳಿಸಿ. ಹಡಗಿನ ಗುಟ್ಟು ಬೇಡ, ಅದು ಯಾರೂ ಹೇಳಬಾರದ್ದು. ಕೈಗೆ ಗೊತ್ತಿದ್ದ ಕೆಲಸದ ಮಾತು ಸಾಕು. ಮುಂದಿನ ಸಂಚಿಕೆಯಲ್ಲಿ ಮಾವನವರ ಮೊದಲ ಕಂತು ಬರಲಿದೆ.

ನಿಮ್ಮ ಅನಿಸಿಕೆಗಳಿಗೆ ಎಂದಿನಂತೆ ಕಾದಿರುತ್ತೇವೆ.


ಬಳಗದ ಪರವಾಗಿ, ಎಡಿಸನ್